ಆಂಜಿನಯ್ಯನವರ ಕೈ ನೆಟ್ಟಗೇ ಇತ್ತು

"ಕುಡುಕನ ಕೈಗೆ ಹೊಸ ಗಾಡಿ ಕೊಟ್ಟಿದ್ದೇ ನಾನು ಮಾಡಿದ ತಪ್ಪು" ಅಂತ ನಮ್ಮಣ್ಣ ವೃಷಭೇಂದ್ರಪ್ಪ ಇವತ್ತಿಗೂ ಹೇಳ್ತಾನೆ. ನಾನು ಅಂಗಡೀಲಿ ಇಲ್ಲದ ಹೊತ್ತು ನೋಡ್ಕೊಂಡು ಹೇಳ್ತಾನೆ. ಕೇಳಿಸ್ಕೊಂಡವರು ಯಾರಾದ್ರೂ ಬಂದು ನನ್ನ ಕಿವಿಗೆ ಹಾಕ್ತಾರೆ, ನನಗೆ ಮೈಯೆಲ್ಲಾ ಉರಿದು ಹೋಗುತ್ತೆ. ಅದಕ್ಕೇ ಒಂದ್ಸಲ ಬರೆದಿಟ್ಟುಬಿಡೋಣ ಅಂತ ಕೂತಿದೀನಿ. ಒಡಹುಟ್ಟಿದವನ ಬಗ್ಗೆ ಹೀಗೆ ಬರೀತಾಳಲ್ಲ ಅಂತ ಯಾರಿಗಾದ್ರೂ ಅನ್ನಿಸಿದ್ರೆ ಅನ್ನಿಸ್ಲಿ.

ನಾನು ಮಹಾನಂದ. ಚಾಮರಾಜಪೇಟೆಯಲ್ಲಿ ನಮ್ಮದು ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡೋ ಅಂಗಡಿ. ಅಪ್ಪ ಶುರು ಮಾಡಿದ್ದು, ಅಪ್ಪ ಹೋದಮೇಲೆ ಅಣ್ಣ ನಡೆಸ್ತಿದಾನೆ. ನನಗೆ ಮದುವೆ ಆಗ್ಲಿಲ್ಲ, ಆ ಕಥೆ ಇಲ್ಲಿ ಬೇಡ. ಇಪ್ಪತ್ತೈದು ವರ್ಷದಿಂದ ಅಂಗಡಿ ಫೋನಿನ ಮುಂದೆ ಕೂತು ಬೇರೆಯವರ ಮದುವೆಗಳನ್ನ ಬರ್ಕೋತಾ ಬಂದಿದೀನಿ. ಯಾವ ಛತ್ರ, ಎಷ್ಟು ಕುರ್ಚಿ, ಎಷ್ಟು ಕೊಳಗ, ಎಷ್ಟು ಗಂಟೆಗೆ ಸಾಮಾನು ಇಳೀಬೇಕು ಅನ್ನೋದೆಲ್ಲಾ ನನ್ನ ಬಾಯಲ್ಲೇ ಇರುತ್ತೆ. ಆ ಸಾಮಾನನ್ನ ಇಪ್ಪತ್ತೆರಡು ವರ್ಷ ಹೊತ್ಕೊಂಡು ಹೋಗಿ ಇಳಿಸಿದವರು ಆಂಜಿನಯ್ಯ. ನನಗಿಂತ ಎಂಟು ವರ್ಷಕ್ಕೆ ದೊಡ್ಡವರು, ಆದ್ರೂ ಮನೆಮಂದಿಯೆಲ್ಲಾ ಅವರನ್ನ "ಏನೋ ಆಂಜಿನಯ್ಯ" ಅಂತಾನೇ ಕರೀತಿದ್ವಿ. ನಾನೂ ಹಾಗೇ ಕರೀತಿದ್ದೆ. ಈಗ ಬರೆಯೋಕೆ ಕೂತಾಗ ಮರ್ಯಾದೆ ನೆನಪಾಗ್ತಿದೆ.

ಅವರು ಶ್ರೀರಾಂಪುರದವರು. ತಂದೆ ಬಟ್ಟೆ ಮಿಲ್ಲಿನಲ್ಲಿ ಕಸ ಹೊಡೀತಿದ್ದರಂತೆ. ಸಂಬಳದ ದಿನ ಬಂತು ಅಂದ್ರೆ ಸಾರಾಯಿ ಅಂಗಡಿ ಮುಂದಿಂದ ಅವರನ್ನ ಎತ್ಕೊಂಡು ಬರೋದೇ ಮಕ್ಕಳ ಕೆಲಸ. ಆಂಜಿನಯ್ಯ ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕಲಾಸಿಪಾಳ್ಯದಲ್ಲಿ ಲಾರಿ ತೊಳೆಯೋಕೆ ಸೇರ್ಕೊಂಡರು, ಆಮೇಲೆ ಕ್ಲೀನರ್ ಆದರು, ಆಮೇಲೆ ಡ್ರೈವಿಂಗ್ ಕಲಿತರು. ಎಂಬತ್ತೊಂದರಲ್ಲಿ ನಮ್ಮಪ್ಪನ ಹತ್ತಿರ ಕೆಲಸಕ್ಕೆ ಬಂದರು. ಆಗ ನಮ್ಮ ಹತ್ರ ಇದ್ದಿದ್ದು ಒಂದು ಮೆಟಡಾರ್. ಅದನ್ನ ಅವರು ಅವೆನ್ಯೂ ರಸ್ತೆಯ ಜನದ ಮಧ್ಯೆ ಹಿಂದಕ್ಕೆ ತಗೊಂಡು ಹೋಗಿ ಪಾತ್ರೆ ಅಂಗಡಿ ಮೆಟ್ಟಿಲಿಗೆ ತಾಗಿಸಿ ನಿಲ್ಲಿಸೋರು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಲ್ಲಿ ಹೂವಿನ ಬುಟ್ಟಿಗಳು ರಸ್ತೆ ಮಧ್ಯಕ್ಕೇ ಬಂದು ಕೂತಿರ್ತವೆ. ಒಂದು ಬುಟ್ಟಿಗೂ ಚಕ್ರ ತಾಗಿಸಿದವರಲ್ಲ. ಹೂವಿನ ಬೈರಮ್ಮ ಬೇರೆ ಗಾಡಿ ಕಂಡ್ರೆ ಬಾಯಿಗೆ ಬಂದ ಹಾಗೆ ಬೈಯೋಳು, ಇವರ ಗಾಡಿ ಕಂಡ್ರೆ ಬುಟ್ಟಿ ಕೂಡ ಸರಿಸ್ತಿರಲಿಲ್ಲ.

ಅವರೂ ಕುಡೀತಿದ್ದರು. ಮುಚ್ಚಿಡೋದೇನಿದೆ. ಗಾಡಿ ಓಡಿಸುವಾಗ ಇಲ್ಲ, ಮನೆಗೆ ಹೋಗೋ ದಾರೀಲಿ. ಅದು ತೊಂಬತ್ತೊಂದರಲ್ಲಿ ನಿಂತಿತು. ಅಂಬೇಡ್ಕರ್ ನೂರನೇ ವರ್ಷ ಅಂತ ಎಲ್ಲಾ ಕಡೆ ಕಾರ್ಯಕ್ರಮ ನಡೀತಿದ್ದ ಕಾಲ. ಅವರ ಬೀದಿಯ ಹತ್ತಾರು ಮನೆಯವರು ಬೌದ್ಧ ದೀಕ್ಷೆ ತಗೊಂಡರು, ಇವರೂ ಹೆಂಡತಿ ನರಸಮ್ಮನ ಜೊತೆ ಹೋಗಿ ತಗೊಂಡರು. ಐದು ಮಾತು ಕೊಡಬೇಕು, ಅದರಲ್ಲಿ ಒಂದು ಕುಡಿಯಲ್ಲ ಅನ್ನೋದು. ಮಾರನೇ ದಿನ ಬಿಳೀ ಶರಟು ಹಾಕ್ಕೊಂಡು ಬಂದು ಅಪ್ಪನ ಮುಂದೆ ನಿಂತು, "ಯಜಮಾನ್ರೆ, ಇನ್ಮೇಲೆ ಆಯುಧಪೂಜೆಗೆ ಗಾಡಿ ತೊಳೆದು ನಿಲ್ಲಿಸ್ತೀನಿ. ಕಾಯಿ ಒಡೆಯೋದು, ಆರತಿ ಎತ್ತೋದು ಬೇರೆ ಯಾರ ಕೈಲಾದ್ರೂ ಮಾಡಿಸಿ. ನಾನು ಅದೆಲ್ಲಾ ಬಿಟ್ಟೆ" ಅಂದರು. ಅಪ್ಪ, "ಕುಡಿಯೋದೂ ಬಿಟ್ಯಾ?" ಅಂದರು. "ಅದನ್ನೇ ಮೊದಲು ಬಿಟ್ಟಿದ್ದು" ಅಂದರು. ಅಪ್ಪ ಆಯ್ತು ಹೋಗು ಅಂದುಬಿಟ್ಟರು. ಇದು ನಡೆದಾಗ ನಾನಿದ್ದೆ, ಅಣ್ಣನೂ ಇದ್ದ. ಇಬ್ಬರೂ ಇದ್ವಿ ಅನ್ನೋದನ್ನ ನೆನಪಿಟ್ಕೊಳ್ಳಿ.

ಅವತ್ತಿಂದ ಹನ್ನೆರಡು ವರ್ಷ ಅವರ ಬಾಯಲ್ಲಿ ಒಂದೇ ವಾಸನೆ, ಲವಂಗದ್ದು. ದವಡೆ ಹಲ್ಲೊಂದು ಹುಳುಕಾಗಿತ್ತು, ಕೀಳಿಸೋಕೆ ಹೆದರಿಕೆ. ಜೇಬಲ್ಲಿ ಲವಂಗದ ಪೊಟ್ಟಣ ಇಟ್ಕೊಂಡು ದಿನಕ್ಕೆ ಹತ್ತು ಸಲ ಒಂದೊಂದನ್ನ ಹಲ್ಲಿಗೆ ಒತ್ಕೋತಿದ್ದರು.

ಎರಡು ಸಾವಿರದ ಮೂರರ ಅಕ್ಷಯ ತದಿಗೆಗೆ ಅಣ್ಣ ಹೊಸ ಗಾಡಿ ತಂದ. ದೊಡ್ಡ ಪಿಕಪ್, ಭಾರ ಹೊರೋಕೆ ಅಂತಾನೇ ಮಾಡಿದ್ದು. ಷೋರೂಮಿಂದ ಬರೀ ಕ್ಯಾಬಿನ್ನು ಚಕ್ರ ಬಂತು, ಹಿಂದಿನ ಬಾಡಿಯನ್ನ ಅಣ್ಣನೇ ಎಲ್ಲೋ ಶೆಡ್ಡಲ್ಲಿ ಮುಂದೆ ನಿಂತು ಕಟ್ಟಿಸಿದ. ಆ ಹದಿನೈದು ದಿನ ಆಂಜಿನಯ್ಯನವರನ್ನ ಆ ಕಡೆ ಸುಳಿಯೋಕೆ ಬಿಡಲಿಲ್ಲ, "ನೀನು ಮೆಟಡಾರ್ ನೋಡ್ಕೋ" ಅಂದ. ಪೂಜೆ ದಿನ ಹಾರ ಹಾಕಿ ನಿಲ್ಲಿಸಿದ್ದಾಗಲೇ ಅವರು ಅದನ್ನ ಮೊದಲ ಸಲ ನೋಡಿದ್ದು. ಅಣ್ಣ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ ಮೇಲೆ ಇವರು ಹೊರಗೆ ತಂದು ನಿಲ್ಲಿಸಿ, ಇಳಿದು ದೂರ ಹೋಗಿ ಪಕ್ಕದಿಂದ ನೋಡಿದರು.

"ಹಿಂದೆ ಸ್ವಲ್ಪ ಎತ್ತರ ಆಯ್ತಲ್ಲ ಯಜಮಾನ್ರೆ?" ಅಂದರು.

"ಹೆವಿ ಡ್ಯೂಟಿ ಕಣೋ. ಲೋಡ್ ಬಿದ್ರೆ ಕೂರುತ್ತೆ. ಕಂಪನಿಯಿಂದಲೇ ಹಂಗೆ ಬರೋದು" ಅಂದ ಅಣ್ಣ.

ವಾರ ಕಳೆಯೋ ಅಷ್ಟರಲ್ಲಿ ಅವರು ನನ್ನ ಟೇಬಲ್ ಹತ್ರ ಬಂದು ನಿಂತರು. ಅಣ್ಣನಿಗೆ ಮೂರು ಸಲ ಹೇಳಿದ್ದರಂತೆ, ಅವನು ಕಿವಿ ಮೇಲೇ ಹಾಕ್ಕೊಂಡಿರಲಿಲ್ಲ. "ಅಕ್ಕಾ, ಈ ಗಾಡಿ ನೆಟ್ಟಗೆ ಹೋಗಲ್ಲ. ಎಡಕ್ಕೆ ಎಳೆಯುತ್ತೆ ಅಂತ ಬಲಕ್ಕೆ ತಂದ್ರೆ ಬಲಕ್ಕೇ ಹೋಗ್ತಾ ಇರುತ್ತೆ. ಮೆಟಡಾರಲ್ಲಿ ತಿರುಗಿಸಿ ಕೈ ಸಡಿಲ ಬಿಟ್ರೆ ಸ್ಟೇರಿಂಗ್ ತಾನೇ ವಾಪಸ್ ಬರೋದು. ಇದರಲ್ಲಿ ಬರಲ್ಲ. ಶಾಮಿಯಾನದ ಪೈಪ್ ಹಾಕಿದ್ರಂತೂ ಮುಂದಿನ ಚಕ್ರ ನೆಲದ ಮೇಲೇ ಇಲ್ಲ ಅನ್ನಿಸುತ್ತೆ. ಯಜಮಾನ್ರಿಗೆ ನೀವೊಂದು ಮಾತು ಹೇಳಿ."

ಹೇಳಿದೆ. "ಹೊಸ ಗಾಡಿ, ಸೆಟ್ ಆಗ್ಬೇಕು, ಐದು ಸಾವಿರ ಕಿಲೋಮೀಟರ್ ಓಡ್ಲಿ" ಅಂದ. ಮೊದಲನೇ ಫ್ರೀ ಸರ್ವಿಸ್ ಬಂದಾಗ ಆಂಜಿನಯ್ಯ ತಾವೇ ತಗೊಂಡು ಹೋಗ್ತೀನಿ ಅಂದರೂ ಬಿಡದೆ ಅಣ್ಣ ತಾನೇ ಓಡಿಸ್ಕೊಂಡು ಹೋದ. ವಾಪಸ್ ಬಂದು ಎಲ್ಲರ ಮುಂದೆ, "ಕಂಪನಿಯವರು ಪೂರಾ ಚೆಕ್ ಮಾಡಿದ್ರು. ಗಾಡಿ ಪರ್ಫೆಕ್ಟ್ ಅಂತೆ. ಹಿಡಿಯೋ ಕೈ ಸರಿ ಇದ್ರೆ ಸಾಕಂತೆ" ಅಂದ. ಸಾಮಾನು ಎತ್ತೋರೆಲ್ಲಾ ನಕ್ಕರು. ನಾನೂ ನಕ್ಕೆ, ಕೆಟ್ಟದಾಗೇನೂ ಅಲ್ಲ, ಸುಮ್ಮನೆ ನಕ್ಕೆ.

ಅಲ್ಲಿಂದ ಶುರುವಾಯ್ತು. ನಮ್ಮ ಜೊತೆ ಮದುವೆಗಳಿಗೆ ಬರೋ ಅಡುಗೆಯ ಕಲ್ಯಾಣಮ್ಮ ಒಂದು ದಿನ ಕ್ಯಾಬಿನ್ನಲ್ಲಿ ಕೂತು ಹೋಗಿ, ಇಳಿದವಳೇ ನನಗೆ ಫೋನ್ ಮಾಡಿದಳು. "ಮಹಾನಂದಾ, ನಿಮ್ಮ ಡ್ರೈವರ್ ಗಾಡೀನ ತೊಟ್ಟಿಲು ತೂಗಿದ ಹಾಗೆ ತೂಗ್ತಾನಲ್ಲೇ. ನನಗೆ ಜೀವ ಬಾಯಿಗೆ ಬಂತು. ಬಾಯಿ ತುಂಬ ಲವಂಗ. ಲವಂಗ ಯಾಕೆ ಅಗೀತಾರೆ ಅಂತ ನಮಗೆ ಗೊತ್ತಿಲ್ವಾ?" ಹಲ್ಲು ನೋವು ಕಣೆ ಅಂದೆ. "ಹೂಂ, ಹಲ್ಲು ನೋವು" ಅಂತ ಮೂಗು ಮುರಿದಳು.

ಇನ್ನೊಂದು ದಿನ ಶೇಷಾದ್ರಿಪುರದ ಹತ್ರ ಟ್ರಾಫಿಕ್ ಪೊಲೀಸ್ ಕೈ ಅಡ್ಡ ಹಾಕಿದ. ಗಾಡಿ ರಸ್ತೆ ತುಂಬ ಓಲಾಡ್ತಿತ್ತು ಅಂತ ಇಳಿಸಿ, ಬಾಯಿ ಊದು ಅಂದ. ಇವರು ಊದಿದರು. ಏನೂ ಇಲ್ಲ ಅಂತ ಅವನು ಬಿಟ್ಟುಕಳಿಸಿದ. ಹಿಂದೆ ಕೂತಿದ್ದ ನಮ್ಮವರು ಬಂದು ಊರೆಲ್ಲಾ ಹೇಳಿದ್ದು ಪೊಲೀಸ್ ಹಿಡಿದು ಬಾಯಿ ಊದಿಸಿದ ಅನ್ನೋದನ್ನ. ಬಿಟ್ಟುಕಳಿಸಿದ್ದನ್ನ ಒಬ್ಬನೂ ಹೇಳಲಿಲ್ಲ. ನಮ್ಮ ಜನಕ್ಕೆ ಅರ್ಧ ಸುದ್ದಿ ಹೊಟ್ಟೆ ತುಂಬಿಸುತ್ತೆ.

ಜೂನ್ ಕೊನೇ ವಾರ, ಆಷಾಢ ಕೂರೋಕೆ ಮುಂಚಿನ ಕೊನೇ ಮುಹೂರ್ತ. ಮಲ್ಲೇಶ್ವರದ ಒಂದು ಛತ್ರಕ್ಕೆ ಊಟದ ಮನೆ ಸಾಮಾನು, ಹೊರಗಡೆ ಹಾಕೋಕೆ ಶಾಮಿಯಾನ. ಒಂದೇ ಟ್ರಿಪ್ಪಲ್ಲಿ ಹೋಗ್ಲಿ ಅಂತ ಅಣ್ಣ ಎಲ್ಲಾ ಹೇರಿಸಿದ. ಕಬ್ಬಿಣದ ಪೈಪುಗಳು ಹಿಂದೆ ಆರು ಅಡಿ ಚಾಚ್ಕೊಂಡಿದ್ದವು. ಛತ್ರದ ಗೇಟಲ್ಲಿ ಬೆಳಿಗ್ಗೆಯೇ ಗೊನೆ ಸಮೇತ ಬಾಳೆಕಂಬ ಕಟ್ಟಿ, ಮಾವಿನ ತೋರಣ ಬಿಗಿದಿದ್ದರು. ಆಂಜಿನಯ್ಯ ಗೇಟಿಗೆ ತಿರುಗಿಸಿ ನೆಟ್ಟಗೆ ಮಾಡೋಕೆ ಹೋದರೆ ಗಾಡಿ ನೆಟ್ಟಗಾಗಲೇ ಇಲ್ಲ. ಎಡಗಡೆ ಬಾಳೆಕಂಬಕ್ಕೆ ತಗುಲಿತು, ಕಂಬ ಮುರಿದು ತೋರಣದ ಸಮೇತ ಕೆಳಗೆ ಬಿತ್ತು. ಯಾರಿಗೂ ಒಂದು ಗೀರೂ ಆಗ್ಲಿಲ್ಲ. ಆದ್ರೆ ಹೆಣ್ಣಿನ ಕಡೆಯವರು, ಮದುವೆ ಬಾಗಿಲ ಬಾಳೆಕಂಬ ಮುರಿಯೋದು ಅಂದ್ರೆ ಸುಮ್ಮನೆ ಬಿಡ್ತಾರಾ? ಹುಡುಗಿ ತಾಯಿ ಅಲ್ಲೇ ಕೂತು ಅಳೋಕೆ ಶುರು ಮಾಡಿದರಂತೆ. ಹುಡುಗಿಯ ಸೋದರಮಾವ ಸಂಜೆಗೆ ಮುಂಚೆ ನಮ್ಮ ಅಂಗಡಿಗೇ ಬಂದರು. "ಕುಡಿದು ಗಾಡಿ ಓಡಿಸೋನನ್ನ ಶುಭಕಾರ್ಯಕ್ಕೆ ಕಳಿಸ್ತೀರಲ್ರೀ, ನಾಚಿಕೆ ಆಗಲ್ವಾ?" ಅಂತ ಬಾಯಿ ಮಾಡಿದರು.

ಅಂಗಡಿಯ ಅಂಗಳದಲ್ಲಿ ಎಲ್ಲರೂ ಇದ್ದರು. ಸಾಮಾನು ಎತ್ತೋ ಆರು ಜನ, ಕಲ್ಯಾಣಮ್ಮ, ಆ ಸೋದರಮಾವ, ನಾನು. ಅಣ್ಣ ನನ್ನ ಕಡೆ ತಿರುಗಿ, "ತಟ್ಟೇಲಿ ಕರ್ಪೂರ ಹಚ್ಚಿಕೊಂಡು ಬಾ" ಅಂದ. ಯಾಕೆ ಅಂತ ನನಗೆ ಗೊತ್ತಾಯ್ತು. ಉರಿಯೋ ಕರ್ಪೂರದ ಮೇಲೆ ಕೈ ಇಟ್ಟು ಆಣೆ ಮಾಡೋದು, ಸುಳ್ಳು ಹೇಳಿದ್ರೆ ಮನೆ ನಿಲ್ಲಲ್ಲ ಅಂತ ನಂಬಿಕೆ. ಅಪ್ಪನ ಕಾಲದಲ್ಲಿ ಒಂದು ಸಲ ಬೆಳ್ಳಿ ಲೋಟ ಕಳೆದಾಗ ಹಾಗೆ ಮಾಡಿಸಿದ್ದರು. ನಾನು ಒಳಗೆ ಹೋದೆ, ತಟ್ಟೆ ತಗೊಂಡೆ, ಕರ್ಪೂರ ಇಟ್ಟೆ, ಕಡ್ಡಿ ಗೀರಿದೆ. ಆಂಜಿನಯ್ಯ ಇದನ್ನೆಲ್ಲಾ ಬಿಟ್ಟವರು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆದ್ರೂ ತಂದು ಅವರ ಮುಂದೆ ಹಿಡಿದೆ. ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ನನಗೇನಾಗಿತ್ತು, ದರಿದ್ರ ನಾಲಿಗೆ.

"ಕುಡಿದಿಲ್ಲ ಅಂತ ಇದರ ಮೇಲೆ ಕೈ ಇಟ್ಟು ಹೇಳು" ಅಂದ ಅಣ್ಣ.

"ನಾನು ಕುಡಿಯಲ್ಲ ಯಜಮಾನ್ರೆ. ಹನ್ನೆರಡು ವರ್ಷ ಆಯ್ತು. ಬಾಯಲ್ಲಿ ಹೇಳ್ತಿದೀನಿ. ಕರ್ಪೂರ ಮುಟ್ಟಿ ಹೇಳಲ್ಲ."

"ಯಾಕೆ, ಭಯಾನಾ?"

"ಈ ಆಣೆ, ಪ್ರಮಾಣ ಎಲ್ಲಾ ಬಿಟ್ಟ ದಿನಾನೇ ಕುಡಿಯೋದನ್ನೂ ಬಿಟ್ಟಿದ್ದು. ಎರಡೂ ಒಟ್ಟಿಗೆ ಕೊಟ್ಟ ಮಾತು. ಈಗ ಇದಕ್ಕೆ ಕೈ ಇಟ್ರೆ ಆ ಮಾತಲ್ಲಿ ಅರ್ಧ ನಾನೇ ಮುರಿದ ಹಾಗಾಗುತ್ತೆ. ಬೇಕಾದ್ರೆ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ರಕ್ತ ತೆಗೆಸಿ ನೋಡಿ. ಗಾಡೀನೂ ಯಾರಿಗಾದ್ರೂ ತೋರಿಸಿ."

ನ್ಯಾಯವಾದ ಮಾತು. ಆದ್ರೆ ಉರಿಯೋ ಕರ್ಪೂರದ ಮುಂದೆ ಕೈ ಹಿಂದಕ್ಕೆ ಕಟ್ಕೊಂಡು ನಿಂತವನ ಮಾತು ಯಾರಿಗೆ ಬೇಕು? ಸೋದರಮಾವ "ಇನ್ನೇನ್ರೀ ಬೇಕು ನಿಮಗೆ" ಅಂದರು. ಕಲ್ಯಾಣಮ್ಮ ತಲೆ ಆಡಿಸಿದಳು. ಅಣ್ಣ, "ನಿಮ್ಮ ಜನದ್ದು ಇದ್ದಿದ್ದೇ ಬಿಡು" ಅಂದ. ಅಂಗಡೀಲಿ ಅವನ ಕುರ್ಚಿ ಮೇಲಿನ ಗೋಡೇಲಿ ಬಸವಣ್ಣನ ಫೋಟೋ ಇದೆ. ದಿನಾ ಬೆಳಿಗ್ಗೆ ಅದಕ್ಕೆ ವಿಭೂತಿ ಹಚ್ಚಿ ಕೈ ಮುಗೀತಾನೆ, ಅದರ ಕೆಳಗೇ ಕೂತು ನಿಮ್ಮ ಜನ ಅಂತಾನೆ.

ಆಂಜಿನಯ್ಯ ಜೇಬಿಂದ ಗಾಡಿ ಕೀ ತೆಗೆದು ನನ್ನ ಟೇಬಲ್ ಮೇಲೆ ಇಟ್ಟರು. ತಟ್ಟೆ ಹಿಡಿದ ನನ್ನ ಮುಖ ಒಂದು ಸಲ ನೋಡಿದರು. ಇಪ್ಪತ್ತೆರಡು ವರ್ಷ ಬಂದುಹೋಗಿ ಮಾಡಿದ ಗೇಟಿಂದ ಹೊರಗೆ ಹೋದರು. ಕರ್ಪೂರ ತಾನಾಗೇ ಆರಿಹೋಗೋವರೆಗೂ ನಾನು ಅಲ್ಲೇ ನಿಂತಿದ್ದೆ.

ಇಷ್ಟಕ್ಕೇ ಮುಗಿದಿದ್ರೆ ಒಂದು ಮಾತು. ಜುಲೈಯಲ್ಲಿ ಶೇಷಾದ್ರಿಪುರದ ಒಂದು ಕಾಲೇಜಿಂದ ಅಂಗಡಿಗೆ ಫೋನ್ ಬಂತು. ಆಂಜಿನಯ್ಯ ಅನ್ನೋರು ನಮ್ಮ ಬಸ್ಸಿಗೆ ಡ್ರೈವರ್ ಆಗಿ ಅರ್ಜಿ ಹಾಕಿದಾರೆ, ನಿಮ್ಮ ಹತ್ರ ಇದ್ದರಂತೆ, ಮನುಷ್ಯ ಹೇಗೆ ಅಂತ. ಫೋನ್ ಎತ್ತಿದ್ದು ನಾನೇ. ಒಳ್ಳೆಯವರು ಅಂತ ಹೇಳಿ ಇಟ್ಟುಬಿಡಬಹುದಿತ್ತು. "ಒಂದ್ನಿಮಿಷ, ಅಣ್ಣನಿಗೆ ಕೊಡ್ತೀನಿ" ಅಂದೆ. ಯಾವತ್ತೂ ಹಾಗೇ ಅಂದು ರೂಢಿ. ಅಣ್ಣ ಫೋನ್ ತಗೊಂಡು, "ಡ್ರೈವಿಂಗ್ ಏನೋ ಚೆನ್ನಾಗಿ ಬರುತ್ತೆ ಸಾರ್. ಆದ್ರೆ..." ಅಂತ ಎಳೆದ. ಆಮೇಲೆ, "ಮಕ್ಕಳ ವಿಷಯ ಅಲ್ವಾ, ನೀವೇ ವಿಚಾರ ಮಾಡಿ" ಅಂದ. ಅಷ್ಟೇ. ಒಂದು ಸುಳ್ಳೂ ಹೇಳಲಿಲ್ಲ ಪುಣ್ಯಾತ್ಮ. ಕೆಲಸ ಹೋಯ್ತು. ನರಸಮ್ಮ ಮನೆಮನೆ ಪಾತ್ರೆ ತೊಳೆಯೋಕೆ ಹೋಗ್ತಿದಾಳೆ ಅಂತ ಆಮೇಲೆ ಬೈರಮ್ಮ ಹೇಳಿದಳು.

ಹೊಸ ಡ್ರೈವರ್ ನಂದೀಶ್ ಬಂದ. ಮೂವತ್ತೈದು ವಯಸ್ಸು, ಹಿಂದೆ ಟೆಂಪೋ ಓಡಿಸ್ತಿದ್ದವನು. ಶ್ರಾವಣದಲ್ಲಿ ಮದುವೆ ಮತ್ತೆ ಶುರುವಾಯ್ತು, ಹದಿನೈದು ದಿನ ಓಡಿಸಿದ. ಒಂದು ದಿನ ನನ್ನ ಟೇಬಲ್ ಹತ್ರ ಬಂದು ನಿಂತು, "ಮೇಡಂ, ಈ ಗಾಡಿ ನೆಟ್ಟಗೆ ಹೋಗಲ್ಲ. ತಿರುಗಿಸಿದ್ರೆ ಸ್ಟೇರಿಂಗ್ ವಾಪಸ್ ಬರಲ್ಲ. ಲೋಡ್ ಇದ್ರೆ ಮುಂದೆ ತೇಲುತ್ತೆ" ಅಂದ.

ನನ್ನ ಕೈಲಿದ್ದ ಪೆನ್ನು ಅಲ್ಲೇ ನಿಂತಿತು. ಅದೇ ಟೇಬಲ್ಲು, ಅದೇ ಮಾತು. ಇವನು ಕುಡಿದಿದಾನಾ ಅಂತ ಯಾರೂ ಇವನ ಬಾಯಿ ಮೂಸಲಿಲ್ಲ. ಅಣ್ಣ ಇವನಿಗೆ, "ನಿಧಾನಕ್ಕೆ ಓಡ್ಸು, ಅಭ್ಯಾಸ ಆಗುತ್ತೆ" ಅಂದ, ಅಷ್ಟೇ. ಪಿತ್ತ ನೆತ್ತಿಗೇರಿತು ನನಗೆ. ಆದ್ರೂ ಆವಾಗ ನನ್ನ ಕೋಪ ಗಾಡಿ ಕಂಪನಿಯವರ ಮೇಲೆ. ಕೆಟ್ಟ ಗಾಡಿ ಮಾರಿ ಪರ್ಫೆಕ್ಟ್ ಅಂತ ಹೇಳಿ ಕಳಿಸಿದರಲ್ಲ, ಉಗಿದು ಬರೋಣ ಅಂತ ಕಾಯ್ತಿದ್ದೆ. ಸೆಪ್ಟೆಂಬರ್ ಕೊನೇಲಿ ಅಣ್ಣ ಎರಡು ದಿನ ಧರ್ಮಸ್ಥಳಕ್ಕೆ ಹೋದ. ನಾನು ನಂದೀಶನ ಪಕ್ಕ ಕೂತು ಗಾಡಿ ಸಮೇತ ಸರ್ವಿಸ್ ಸೆಂಟರಿಗೆ ಹೋದೆ. ದಾರಿಯುದ್ದಕ್ಕೂ ಅವನ ಕೈ ನೋಡ್ತಾ ಇದ್ದೆ. ಒಂದು ಗಳಿಗೆ ನಿಂತ ಕಡೆ ನಿಲ್ಲಲಿಲ್ಲ ಆ ಕೈ.

ಅಲ್ಲಿನ ಸೂಪರ್‌ವೈಸರ್ ನನ್ನ ಕೂಗಾಟ ಎಲ್ಲಾ ಕೇಳಿಸ್ಕೊಂಡ. "ಮುಗೀತಾ ಮೇಡಂ? ಸ್ವಲ್ಪ ಬಗ್ಗಿ ನೋಡಿ" ಅಂದ. ಹಿಂದಿನ ಚಕ್ರದ ಹತ್ರ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಿರ್ತವೆ, ಗಾಡಿ ಭಾರ ಹೊರೋದು ಅವೇ. ಅವನು ಟಾರ್ಚ್ ಹಾಕಿ ಒಂದೊಂದನ್ನೇ ತೋರಿಸಿದ. ಕಂಪನಿ ಪಟ್ಟಿಗಳ ಮೇಲೆ ಮುದ್ರೆ ಇತ್ತು. ಎರಡರ ಮೇಲೆ ಇರಲಿಲ್ಲ, ಅವಕ್ಕೆ ಗೊತ್ತಾಗದ ಹಾಗೆ ಕಪ್ಪು ಬಣ್ಣ ಬಳಿದಿದ್ದರು.

"ಇವೆರಡು ನಮ್ಮದಲ್ಲ, ಹೊರಗಡೆ ಹಾಕ್ಸಿರೋದು. ಜಾಸ್ತಿ ಲೋಡ್ ಹಾಕೋಕೆ ಎಲ್ಲರೂ ಮಾಡ್ತಾರೆ. ಹಿಂದೆ ಎತ್ತರ ಆಗಿ ಮುಂದಿನ ಚಕ್ರ ನಿಲ್ಲೋ ಕೋನಾನೇ ಕೆಟ್ಟಿದೆ. ಅದರ ಮೇಲೆ ನಿಮ್ಮ ಪೈಪೆಲ್ಲಾ ಹಿಂದೆ ಜೋತಾಡುತ್ತೆ, ಮುಂದೆ ಭಾರಾನೇ ಇರಲ್ಲ. ಸ್ಟೇರಿಂಗ್ ಎಲ್ಲಿ ನಿಲ್ಲುತ್ತೆ? ಯಾವ ಡ್ರೈವರ್ ಕೂತ್ರೂ ಇಷ್ಟೇ" ಅಂದ. ಆಮೇಲೆ ನನ್ನ ಮುಖ ನೋಡಿ, "ಇದನ್ನೆಲ್ಲಾ ನಿಮ್ಮಣ್ಣನಿಗೆ ಮೇ ತಿಂಗಳಲ್ಲೇ ಹೇಳಿದೀನಲ್ಲ ಮೇಡಂ. ಪಟ್ಟಿ ತೆಗೆಸಿ ಅಂದೆ. ತೆಗೆದ್ರೆ ಎರಡೆರಡು ಟ್ರಿಪ್ ಹೊಡೀಬೇಕು, ಸೀಸನ್ ಮುಗೀಲಿ ಅಂದ್ರು. ವಾರಂಟಿ ಹೋಗುತ್ತೆ, ಕಾರ್ಡಲ್ಲಿ ಬರೀಬೇಡಿ ಅಂತಾನೂ ಕೇಳ್ಕೊಂಡ್ರು" ಅಂದ.

ಮೇ ತಿಂಗಳು. ಬಾಳೆಕಂಬ ಮುರಿದಿದ್ದು ಜೂನ್. ಕರ್ಪೂರ ಹಚ್ಚು ಅಂದಿದ್ದು ಜೂನ್. ಎಲ್ಲಾ ಗೊತ್ತಿದ್ದು, ಒಂದು ಟ್ರಿಪ್ ಉಳಿಸೋಕೆ, ಒಬ್ಬ ಮನುಷ್ಯನ ತಲೆ ಮೇಲೆ ಗೂಬೆ ಕೂರಿಸಿ ಕಳಿಸಿದ ನಮ್ಮಣ್ಣ. ಅದೂ ಹನ್ನೆರಡು ವರ್ಷ ಒಂದು ತೊಟ್ಟು ಮುಟ್ಟದವನನ್ನ. ಗಾಡಿಗೆ ಒರಗಿ ನಿಂತು ನಾನು ಅತ್ತುಬಿಟ್ಟೆ, ದುಃಖಕ್ಕಲ್ಲ, ಕೋಪಕ್ಕೆ.

ಅಣ್ಣನ ಹತ್ರ ಏಕಾಂತದಲ್ಲಿ ಕೇಳೋದು ಬೇಡ ಅಂತ ತೀರ್ಮಾನ ಮಾಡಿದೆ. ಏಕಾಂತದಲ್ಲಿ ಅವನು ಮಾತಲ್ಲಿ ಗೆಲ್ತಾನೆ. ಆಯುಧಪೂಜೆ ದಿನ ಅಂಗಳದಲ್ಲಿ ಮತ್ತೆ ಎಲ್ಲರೂ ಸೇರಿದ್ದರು, ಅವತ್ತಿದ್ದವರೇ, ಆ ಸೋದರಮಾವ ಒಬ್ಬರನ್ನ ಬಿಟ್ಟು. ಗಾಡಿಗೆ ಹಾರ, ಬೂದುಗುಂಬಳ ಎಲ್ಲಾ ಆಯ್ತು. ಆರತಿ ತಟ್ಟೆ ನನ್ನ ಕೈಲಿತ್ತು. ಗಾಡಿಗೆ ಬೆಳಗಿ ಅಣ್ಣನ ಕಡೆ ತಿರುಗಿ ನಿಂತೆ.

"ಇದರ ಮೇಲೆ ಕೈ ಇಟ್ಟು ಹೇಳು" ಅಂದೆ. "ಈ ಗಾಡಿ ಯಾಕೆ ಓಲಾಡುತ್ತೆ ಅಂತ ನಿನಗೆ ಮೇ ತಿಂಗಳಲ್ಲಿ ಗೊತ್ತಿರಲಿಲ್ಲ ಅಂತ ಹೇಳು."

ಅವನು ಮೊದಲು ನಗೋಕೆ ನೋಡಿದ. ಆಮೇಲೆ ಕೈ ಮುಂದೆ ತಂದ. ಜ್ವಾಲೆಗೆ ಒಂದು ಗೇಣು ಇರುವಾಗ ಆ ಕೈ ನಿಂತುಹೋಯ್ತು. ಕರ್ಪೂರ ಅಂದ್ರೆ ಅವನಿಗೆ ನಿಜವಾಗಿ ಭಯ, ಮೂರು ಮೊಮ್ಮಕ್ಕಳಿದಾರೆ. ಕೈ ಹಿಂದಕ್ಕೆ ಎಳ್ಕೊಂಡು, "ಹಬ್ಬದ ದಿನ ಮನೆ ಮಾನ ಬೀದಿಗೆ ಹಾಕ್ತಿದ್ಯಾ" ಅಂತ ಒಳಗೆ ಹೋದ. ಕಲ್ಯಾಣಮ್ಮ ಸೆರಗಿಂದ ಬಾಯಿ ಮುಚ್ಕೊಂಡಳು. ನಾನು ಗೆದ್ದೆ ಅಂದ್ಕೊಂಡೆ.

ಮಾರನೇ ಬೆಳಿಗ್ಗೆ, ವಿಜಯದಶಮಿ, ಶ್ರೀರಾಂಪುರಕ್ಕೆ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಆ ಮನೆಗೆ ನಾನು ಹೋಗಿದ್ದು ಅದೇ ಮೊದಲು. ಅವರಿಗೆ ಅದು ಅಂಬೇಡ್ಕರ್ ದೀಕ್ಷೆ ತಗೊಂಡ ದಿನ, ಬೀದೀಲಿ ಎಲ್ಲರೂ ಬಿಳೀ ಬಟ್ಟೆ. ನರಸಮ್ಮ ಬಾಗಿಲಲ್ಲಿ ನನ್ನ ನೋಡಿ, "ಈಗ ದಾರಿ ಸಿಕ್ತಾ ಅಕ್ಕಾ?" ಅಂದಳು. ಅಂದ್ರೂ ಕುರ್ಚಿ ಹಾಕಿದಳು, ನೀರು ಕೊಟ್ಟಳು. ಆಂಜಿನಯ್ಯ ಎದುರಿಗೆ ಕೂತರು. ತೆಳ್ಳಗಾಗಿದ್ದರು. ದಿನಗೂಲಿಗೆ ಯಾರದೋ ನೀರಿನ ಟ್ಯಾಂಕರ್ ಓಡಿಸ್ತಿದ್ದರಂತೆ.

ಎಲ್ಲಾ ಹೇಳಿದೆ. ಹೊಸ ಡ್ರೈವರ್ ನಂದೀಶ ಹೇಳಿದ್ದು, ಪಟ್ಟಿ, ಸೂಪರ್‌ವೈಸರ್, ಕರ್ಪೂರ, ಅಣ್ಣನ ಕೈ ನಿಂತಿದ್ದು. ಅವರು ಖುಷಿ ಪಡ್ತಾರೆ ಅಂತ ಕಾದೆ.

"ಯಜಮಾನ್ರು ಕೈ ಇಡ್ಲಿಲ್ಲ ಅಂತ ಅಲ್ಲಿದ್ದವರೆಲ್ಲಾ ನಂಬಿದ್ರಾ?" ಅಂತ ಕೇಳಿದರು.

"ನಂಬದೆ ಏನು, ಎಲ್ಲರಿಗೂ ಗೊತ್ತಾಯ್ತು."

"ಅವತ್ತು ನಾನೂ ಇಡ್ಲಿಲ್ಲ ಅಕ್ಕಾ. ಅವತ್ತೂ ಎಲ್ಲರಿಗೂ ಗೊತ್ತಾಗಿತ್ತು."

ನನಗೆ ಕೆನ್ನೆಗೆ ಬಾರಿಸಿದ ಹಾಗಾಯ್ತು.

"ಪಟ್ಟಿ ತೋರಿಸಿದ್ರಾ ಅವರಿಗೆ?" ಅಂದರು.

"ಇಲ್ಲ."

"ತೆಗೆಸಿದ್ರಾ?"

"ಇಲ್ಲ, ಇನ್ನೂ ಇಲ್ಲ."

"ಹಂಗಾದ್ರೆ ನಂದೀಶ ಇನ್ನೂ ಅದರಲ್ಲೇ ಓಡಾಡ್ತಿದಾನೆ" ಅಂದರು. ಧ್ವನಿ ಏರಿಸಿದವರಲ್ಲ ಯಾವತ್ತೂ, ಅವತ್ತು ಏರಿತು. "ಬಾಳೆಕಂಬ ಆಗಿದ್ದಕ್ಕೆ ಸರಿ ಹೋಯ್ತು. ಅಲ್ಲಿ ಮಗು ನಿಂತಿದ್ರೆ? ಮೂರು ತಿಂಗಳಿಂದ ನನಗೆ ಅದೇ ಯೋಚನೆ. ನನ್ನನ್ನ ಏನು ಅಂದ್ರು ಅನ್ನೋದು ಆಮೇಲೆ. ನೀವು ಮೊದಲು ಮಾಡಬೇಕಾಗಿದ್ದು ಆ ಪಟ್ಟಿ ಬಿಚ್ಚಿಸೋದು. ಕರ್ಪೂರ ಹಚ್ಚೋದಲ್ಲ."

ನಾನು ಎದ್ದು ಬಂದೆ. ಅವತ್ತು ಎಲ್ಲಾ ಶೆಡ್ಡೂ ಮುಚ್ಚಿತ್ತು. ಮಾರನೇ ದಿನ ಅಣ್ಣ ಬರೋಕೆ ಮುಂಚೆ ಕೀ ತಗೊಂಡು ನಂದೀಶನ ಜೊತೆ ಹೋಗಿ, ಪಟ್ಟಿಗಳನ್ನ ನನ್ನ ಕಣ್ಣ ಮುಂದೆ ಬಿಚ್ಚಿಸಿದೆ. ಪೈಪುಗಳನ್ನ ಮುಂದಕ್ಕೆ ಸರಿಸಿ ಕಟ್ಟಿಸಿದೆ, ಎರಡು ಟ್ರಿಪ್ ಆದ್ರೆ ಆಗ್ಲಿ ಅಂದೆ. ಕಲ್ಯಾಣಮ್ಮನನ್ನ ಎಳ್ಕೊಂಡು ಬಂದು ಕ್ಯಾಬಿನ್ನಲ್ಲಿ ಕೂರಿಸಿ ಮಲ್ಲೇಶ್ವರದವರೆಗೆ ಕರ್ಕೊಂಡು ಹೋದೆ. ಗಾಡಿ ದಾರ ಹಿಡಿದ ಹಾಗೆ ಹೋಯ್ತು. ಅವಳು ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ದಳು. ಬಂದು ಕಾಲೇಜಿಗೆ ಫೋನ್ ಮಾಡಿದೆ. ಆ ಜಾಗಕ್ಕೆ ಆಗಸ್ಟಲ್ಲೇ ಬೇರೆಯವರು ಬಂದಾಗಿತ್ತು. ಹೆಸರು ಬರ್ಕೊಳ್ಳಿ, ಮುಂದಿನ ಸಲಕ್ಕೆ ಅಂದೆ. ಬರ್ಕೋತೀವಿ ಅಂದರು. ಬರ್ಕೊಂಡರೋ ಇಲ್ಲವೋ.

ಅಣ್ಣ ಯಾರ ಕೈಲೋ ಹೇಳಿಕಳಿಸಿದ, ವಾಪಸ್ ಕೆಲಸಕ್ಕೆ ಬರ್ಲಿ ಅಂತ. ಆಂಜಿನಯ್ಯ ಬರಲಿಲ್ಲ. ನಾನಾಗಿದ್ರೂ ಬರ್ತಿರಲಿಲ್ಲ.

ಆ ಎರಡು ಪಟ್ಟಿಗಳನ್ನ ನಾನು ಗುಜರಿಗೆ ಹಾಕೋಕೆ ಬಿಡಲಿಲ್ಲ. ಅಂಗಡಿ ಬಾಗಿಲಲ್ಲಿ, ನನ್ನ ಟೇಬಲ್ಲಿಗೆ ಒರಗಿಸಿ ಇಟ್ಟಿದೀನಿ. ಎರಡು ವರ್ಷ ಆಯ್ತು, ತುಕ್ಕು ಹಿಡಿದಿವೆ. ಅಣ್ಣ ಎರಡು ಸಲ ತೆಗೆಸೋಕೆ ನೋಡಿದ, ಎರಡು ಸಲವೂ ವಾಪಸ್ ತರಿಸಿದೆ. ಇವತ್ತು ಬೆಳಿಗ್ಗೆ ಕುರ್ಚಿ ಕೇಳೋಕೆ ಬಂದ ಯಜಮಾನರೊಬ್ಬರಿಗೆ ಕಾಲಿಗೆ ತಗುಲಿತು. "ಇದೇನಮ್ಮ, ದಾರೀಲೇ ಇಟ್ಟಿದ್ದೀರಲ್ಲ?" ಅಂದರು. ಅಣ್ಣ ಪಕ್ಕದ ಕುರ್ಚೀಲಿ ಪೇಪರ್ ಓದ್ತಾ ಕೂತಿದ್ದ.

"ಕೂತ್ಕೊಳ್ಳಿ" ಅಂದೆ. "ನಮ್ಮಲ್ಲಿ ಆಂಜಿನಯ್ಯ ಅಂತ ಒಬ್ಬರು ಡ್ರೈವರ್ ಇದ್ದರು."